ಶುಕ್ರವಾರದ ನೀರು

ಬಚ್ಚಲಿಗೆ ಹನ್ನೊಂದು ಹೆಜ್ಜೆ.
ಆರನೆಯದಕ್ಕೆ ಅಕ್ಕಿ ಡ್ರಮ್ಮು. ಅದರ ಮೇಲೆ ಕೈಯೂರಿ ನಿಲ್ಲುತ್ತೇನೆ,
ಏನೋ ಮರೆತವಳ ಹಾಗೆ.
ಸೊಸೆ ತಸ್ಲೀಮಾ ನೋಡಿಯೂ ನೋಡದವಳು.
ಅಷ್ಟು ಮರ್ಯಾದೆ ನಮ್ಮಿಬ್ಬರ ನಡುವೆ ಉಳಿದಿದೆ.

ಒಳಗೆ ನೀಲಿ ಸ್ಟೂಲು.
ಜಾರಬಾರದೆಂದು ಅದರ ಕಾಲಿಗೆ ಸೈಕಲ್ ಟ್ಯೂಬು ಸುತ್ತಿದ್ದಾನೆ ಮಗ.
ಚಿಲಕ ಹಾಕುವುದಿಲ್ಲ ಈಗ;
ಬಾಗಿಲ ಮೇಲೆ ಸೀರೆ ತೂಗಿದರೆ ಒಳಗೆ ನಾನಿದ್ದೇನೆ ಅಂತ,
ಮೊಮ್ಮಗನಿಗೂ ಗೊತ್ತು.

ನೀರು ಉಗುರುಬೆಚ್ಚಗಿದ್ದರೆ ಸಾಕು.
ಹಬೆ ಎದ್ದರೆ ಎದೆಯೊಳಗೆ ಯಾರೋ
ಗೋಣಿಚೀಲದ ಬಾಯಿ ಹೊಲಿದಂತೆ.
ಹಬೆಗೆ ಹೆದರುವವಳಾ ನಾನು?
ಭಟ್ಟಿ ಲೇಔಟಿನಲ್ಲಿ ಇಪ್ಪತ್ತಾರು ವರ್ಷ
ಕಾದ ಮರಳಿಗೆ ಅಕ್ಕಿ ಸುರಿದವಳು,
ಹೊಟ್ಟು, ಹಳೇ ಟೈರು, ಸಿಕ್ಕಿದ್ದೆಲ್ಲ ಒಲೆಗೆ ತುರುಕಿ
ಆ ಕಪ್ಪು ಹೊಗೆಯಲ್ಲೇ ಬುತ್ತಿ ಬಿಚ್ಚಿದವಳು.
ದಾವಣಗೆರೆಯೆಲ್ಲ ಮೆಣಸಿನಕಾಯಿ ಕಡಿದು ಮಂಡಕ್ಕಿ ಮೆದ್ದಿತು.
ತಳದಲ್ಲಿ ಉಳಿದದ್ದು ನನ್ನ ಪಾಲು.

ಮೊದಲ ಚೊಂಬು ಕಾಲಿಗೆ.
ಎದೆಗೇ ಸುರಿದರೆ ಉಸಿರು ಬೆಚ್ಚುತ್ತದೆ,
ಗುರುತಿಲ್ಲದವರ ಕಂಡು ಮೇಕೆಮರಿ ಹಗ್ಗ ಜಗ್ಗುವ ಹಾಗೆ.
ಎರಡನೆಯದು ತೊಡೆಗೆ. ತಡಿ.
ಸೋಪು ಮುಂದಿನ ಉಸಿರಿಗೆ.
ಬೆನ್ನಿಗೆ ಹಳೇ ಲುಂಗಿಯ ಪಟ್ಟಿ, ಎರಡೂ ತುದಿ ಹಿಡಿದು.
ಪಾದಕ್ಕೆ ಬಾಗುವಂತಿಲ್ಲ,
ಒಂದರಿಂದ ಇನ್ನೊಂದನ್ನು ಉಜ್ಜುತ್ತೇನೆ
ಬೆಲ್ಲದ ಮೇಲೆ ಕೂತ ನೊಣದಂತೆ.

ಆಸ್ಪತ್ರೆಯ ಹುಡುಗಿ ಹೇಳಿಕೊಟ್ಟಳು:
"ಮೂಗಿಂದ ಎಳ್ಕಳಿ ಅಮ್ಮಾ, ತುಟಿ ಮುಂದ್ ಮಾಡಿ ಊದಿ.
ದೀಪ ಆರಬಾರ್ದು, ಅಲುಗಬೇಕು, ಅಷ್ಟೇ."
ನಗು ಬಂತು.
ಊದುಗೊಳವೆ ಹಿಡಿದು ಊರ ಬೆಂಕಿ ಬದುಕಿಸಿದ ಬಾಯಿಗೆ
ಈ ವಯಸ್ಸಿನಲ್ಲಿ ಊದುವ ಪಾಠ.
ನಕ್ಕಿದ್ದಕ್ಕೂ ಕೆಮ್ಮು ಬಂತು. ಅದೂ ಒಂದು ಖರ್ಚು.

ಒರೆಸಿಕೊಳ್ಳುವುದಿಲ್ಲ.
ಒರೆಸುವುದೇ ದೊಡ್ಡ ಕೂಲಿ ಅಂತ ಗಟ್ಟಿ ಇದ್ದವರಿಗೆ ಗೊತ್ತಿರುವುದಿಲ್ಲ.
ಹಳೇ ಬೆಡ್‌ಶೀಟು ಹೊದ್ದು ಕೂತುಬಿಡುತ್ತೇನೆ.
ಮೈ ತಾನಾಗಿ ಆರುತ್ತದೆ, ಅಂಗಳದಲ್ಲಿ ಹರವಿದ ಅಕ್ಕಿ.

ತಲೆ ಮಾತ್ರ ನನ್ನ ಕೈ ಮೀರಿದ್ದು.
ಕೈ ಭುಜ ದಾಟಿದರೆ ದಮ್ಮು ಕಟ್ಟುತ್ತದೆ.
ಅದಕ್ಕೇ ಶುಕ್ರವಾರ, ಜುಮ್ಮಾಕ್ಕೆ ಮುಂಚೆ, ಕೊಟ್ರವ್ವ ಬರುತ್ತಾಳೆ,
ಪಕ್ಕದ ಭಟ್ಟಿಯವಳು.
ಪುಡಿ ಹಾರಬಾರದೆಂದು ಮನೆಯಲ್ಲೇ ಕಲಸಿದ ಸೀಗೆ,
ಹಾರ್ಲಿಕ್ಸ್ ಡಬ್ಬಿಯಲ್ಲಿ.
ಮೊದಲ ವಾರ ಲಂಗ ಎದೆಗೇರಿಸಿ ಬಿಗಿದುಕೊಂಡಿದ್ದೆ.
"ನನ್ ಹೆರಿಗಿಗೆ ನೀನಲ್ಲೇನು ಮಾಬವ್ವ ಕೈ ಹಿಡಿದಾಕಿ?
ಈಗೇನು ಹೊಸಾ ಮದಲಗಿತ್ತಿ ಆಗೀಯ?"
ನಾಚಿಕೆ ಎಲ್ಲಿ ಹೋಯಿತೋ,
ನೀರಿನ ಜೊತೆ ಮೋರಿಗೆ ಇಳಿದಿರಬೇಕು.
ಉಜ್ಜುತ್ತ ಸುದ್ದಿ ಹೇಳುತ್ತಾಳೆ. ಯಾರ ಕೂಲಿ ಬಾಕಿ,
ಯಾರ ಮಗಳು ಯಾರ ಬೈಕಿನಲ್ಲಿ.
ಅವಳ ಬೆರಳಿಗೆ ಇನ್ನೂ ಜರಡಿಯ ತಾಳ.

ಕೆಲವು ದಿನ ಹನ್ನೊಂದು ಹೆಜ್ಜೆಯೂ ಆಗುವುದಿಲ್ಲ.
ನಲ್ಲಿಯಲ್ಲಿ ನೀರು ಬಂದದ್ದು, ನಿಂತದ್ದು
ಮಲಗಿದಲ್ಲೇ ಕೇಳುತ್ತೇನೆ.
ಅಂಥ ದಿನಕ್ಕೆ ಮಸೀದಿಯ ಹಜರತ್ತರು ಹೇಳಿದ್ದಾರೆ,
ನೀರಾಗದವರಿಗೆ ಮಣ್ಣೇ ನೀರು.
ಮಂಚದಡಿ ಒಂದು ತಟ್ಟೆ ಮರಳು.
ಕೊಟ್ರವ್ವನೇ ತಂದದ್ದು, ಭಟ್ಟಿಯಿಂದ,
ಇನ್ನೂ ಬಾಣಲೆ ಕಾಣದ ಹೊಸ ಮರಳು.
"ಉಸುಕಿನಾಗೂ ತೊಳಕಂತಾರೇನು?" ಎಂದು ಬಾಯಿಗೆ ಕೈ ಹಚ್ಚಿದವಳು
ಎರಡು ಸಲ ಜರಡಿ ಹಿಡಿದು ತಂದಿದ್ದಳು.

ಅಂಗೈ ಊರುತ್ತೇನೆ. ತಣ್ಣಗಿದೆ.
ಮರಳು ತಣ್ಣಗಿರುತ್ತದೆ ಅನ್ನುವುದೇ
ಮರೆತುಹೋಗಿತ್ತು ಈ ಕೈಗಳಿಗೆ.
ಕೊಡವಿ ಮುಖಕ್ಕೊಮ್ಮೆ.
ಮತ್ತೆ ಊರಿ, ಕೈಗಳಿಗೊಮ್ಮೆ.

ತಸ್ಲೀಮಾ ಬಂದು ಕಿಟಕಿ ಮುಚ್ಚುತ್ತಾಳೆ.
ಭಟ್ಟಿ ಕಡೆಯಿಂದ ಗಾಳಿ.