ಚುಕ್ಕಿಯ ನಂತರದ ಅಂಕಿ

ಡಿ ಐವತ್ತೇಳು, ಒಂದು ಚುಕ್ಕಿ,
ಆಮೇಲೆ ಒಂದೇ ಒಂದು ಅಂಕಿ.
ಸೊನ್ನೆ ಬರೆದರೆ ಸಂಕಟ ಇತ್ತು ಎಂದು,
ಒಂದು ಬರೆದರೆ ಇರಲಿಲ್ಲವೆಂದು.
ತಲೆಕೆಳಗಾದ ಲೆಕ್ಕ ಅಂತ ಮೊದಲ ವಾರ ನಗು ಬಂದಿತ್ತು.
ಹನ್ನೊಂದು ವರ್ಷವಾಯಿತು, ಈಗ ಬರುವುದಿಲ್ಲ.

ಆಕ್ರಾದ ಕಡಲಬದಿಯ ಆಸ್ಪತ್ರೆ,
ನೆಲಮಾಳಿಗೆಯಲ್ಲಿ ದಾಖಲೆ ಕೋಣೆ.
ಹರ್ಮಟಾನ್ ಬೀಸುವ ಜನವರಿ.
ಮರಳುಗಾಡಿನ ಪುಡಿ ಕಿಟಕಿಯ ಸರಳು ದಾಟಿ
ಕಡತದ ಮೇಲೆ, ಕೀಲಿಮಣೆಯ ಮೇಲೆ,
ಮುಚ್ಚಳ ಮರೆತ ನನ್ನ ಊಟದ ಡಬ್ಬಿಯೊಳಗೆ.
ತುಟಿ ಒಡೆದವರು ಷಿಯಾ ಬೆಣ್ಣೆ ಹಚ್ಚಿಕೊಳ್ಳುತ್ತಾರೆ.
ಒಳಗೆ ರಕ್ತ ಡೊಂಕಾದವರು ಇಲ್ಲಿಗೆ ಬರುತ್ತಾರೆ.

ಒಕಾಯ್ ಕ್ವೇ, ಹದಿನಾಲ್ಕು, ಬುಕೊಂ ಓಣಿ.
ತಾಯಿ ಹೊಗೆಮೀನು ಮಾರುವವಳು. ಅದು ಎಲ್ಲೂ ಬರೆದಿಲ್ಲ,
ಕಡತ ಮೂಸಿದರೆ ಗೊತ್ತಾಗುತ್ತದೆ.
ಡಾಕ್ಟರ್ ಅಮೆಗಾಶಿ ಬರೆದದ್ದು ಇಷ್ಟೇ:
ಸಿಕಲ್ ಸೆಲ್. ಎರಡೂ ತೊಡೆ ನೋವು.
ಡ್ರಿಪ್ ಮೂರು ಬಾಟಲಿ, ಮಾರ್ಫಿನ್ ಎರಡು ಸಲ.
ಮನೆಗೆ.

ನರ್ಸಿನ ಹಾಳೆಯದು ಬೇರೆ ಕಥೆ:
ರಾತ್ರಿ ಎರಡಕ್ಕೆ ಹುಡುಗ ಮಂಚದ ಕಬ್ಬಿಣ ಕಚ್ಚಿದ.
ಮೂರಕ್ಕೆ ಅತ್ತ.
ನಾಲ್ಕಕ್ಕೆ ಅಳಲಿಲ್ಲ, ಆಗ ನನಗೆ ಹೆದರಿಕೆಯಾಯಿತು.
ಇದು ನನ್ನ ನಿಯಮಕ್ಕೆ ಸಾಲದು.
ವೈದ್ಯರ ಕೈಯಿಂದ ಕ್ರೈಸಿಸ್ ಎಂಬ ಪದ ಬೀಳದೆ
ಸೊನ್ನೆ ಹಾಕುವಂತಿಲ್ಲ.
ಬರೆಯದೇ ಇದ್ದದ್ದು ಆಗಲೇ ಇಲ್ಲ.
ತರಬೇತಿಯ ಮೊದಲ ದಿನ ಬಾಯಿಪಾಠ ಮಾಡಿಸಿದ್ದರು,
ಶಾಲೆಯ ಪ್ರಾರ್ಥನೆಯ ಹಾಗೆ, ಎದ್ದು ನಿಲ್ಲಿಸಿ.

ನಮ್ಮ ಗಾ ಮಾತಿನಲ್ಲಿ ಈ ರೋಗಕ್ಕೆ ಚ್ವೆಚ್ವೇಚ್ವೆ.
ಅರ್ಥ ಕೇಳಬೇಡಿ,
ಮೂಳೆಯನ್ನು ಯಾರೋ ಒಳಗಿಂದ ಅಗಿಯುವ ಸದ್ದು ಅದು.
ಫಾಂಟಿಯವರು ನ್ವೀನ್ವೀ ಅನ್ನುತ್ತಾರೆ.
ಸೂಕ್ಷ್ಮದರ್ಶಕ ಹಡಗಿಳಿಯುವ ಮುಂಚೆ,
ಕುಡುಗೋಲಿನ ಹೋಲಿಕೆ ಯಾರಿಗೂ ಹೊಳೆಯುವ ಮುಂಚೆ
ಅಜ್ಜಿಯರು ನೋವಿಗೆ ಕಿವಿಗೊಟ್ಟು ಹೆಸರಿಟ್ಟರು.
ಒಂದೇ ಶಬ್ದ ಮತ್ತೆ ಮತ್ತೆ,
ಯಾಕೆಂದರೆ ಅದು ಒಂದು ಸಲಕ್ಕೆ ನಿಲ್ಲುವುದಿಲ್ಲ.

ಲಿಫ್ಟ್ ಕೆಟ್ಟು ತಿಂಗಳಾಗಿದೆ. ಮೂರು ಮಹಡಿ ಹತ್ತಿದೆ.
ಅಮೆಗಾಶಿಗೆ ಮೂವತ್ತು ಗಂಟೆ ನಿದ್ದೆಗೆಟ್ಟ ಕಣ್ಣು.
'ಎಲ್ಲರಿಗೂ ಗೊತ್ತಲ್ಲ ಆಯೋರ್ಕೋರ್,
ಮಾರ್ಫಿನ್ ಸುಮ್ಮನೆ ಕೊಡ್ತಾರಾ?'
'ಎಲ್ಲರಿಗೂ ಗೊತ್ತು ಡಾಕ್ಟರ್, ಅಂಕಿಗೆ ಗೊತ್ತಿಲ್ಲ.'
'ಏನು ಬರೀಲಿ, ನೀನೇ ಹೇಳು.'
ಅದನ್ನೂ ನಾನು ಹೇಳುವಂತಿಲ್ಲ.
ಕೇಳಬಹುದು, ಬಾಯಿಗೆ ಪದ ಇಡಬಾರದು.
ಹಾಗೇ ನಿಂತೆವು, ಪದ ಗೊತ್ತಿದ್ದ ಇಬ್ಬರು,
ನಡುವೆ ಒಂದು ಪೆನ್ನು.

ಕೊನೆಗೆ ಬರೆದರು. ಇಂಕು ಮುಗಿದು
ಕಡೆಯ ಅಕ್ಷರ ಬರೀ ಗೀರು. ಗೀರಾದರೂ ಸಾಕು.

ಕೆಳಗಿಳಿದು ಸೊನ್ನೆ ಒತ್ತಿದೆ.
ಗುಂಡಗೆ, ಎಲ್ಲೂ ಬಾಗದೆ, ಪರದೆಯ ಮೇಲೆ ಕೂತಿತು,
ಹುಡುಗನ ರಕ್ತದ ಕಣ ಹೇಗಿರಬೇಕಿತ್ತೋ ಹಾಗೆ.
ವರ್ಷದ ಕೊನೆಗೆ ಯಾರೋ ಇವನ್ನೆಲ್ಲ ಕೂಡುತ್ತಾರೆ,
ಮೊತ್ತ ನೋಡಿ ಬಾಟಲಿ ಕಳಿಸುತ್ತಾರೆ, ಅಥವಾ ಕಳಿಸುವುದಿಲ್ಲ.
ಸೊನ್ನೆಗೆ ಸೊನ್ನೆ ಕೂಡಿದರೆ ಸೊನ್ನೆಯಲ್ಲದ್ದು ಬರುವ ಜಾಗ
ಇದೊಂದೇ ಇರಬೇಕು.

ಮೂಲೆಯ ಕಪಾಟಿನಲ್ಲಿ, ಗೆದ್ದಲು ಬಿಟ್ಟುಕೊಟ್ಟದ್ದರಲ್ಲಿ
ನನ್ನಕ್ಕ ಆಯೇಲೆ ಇದ್ದಾಳೆ. ಒಂಬತ್ತು ವರ್ಷ. ಕಾರಣ: ಜ್ವರ.
ಮೊಣಕಾಲು ತಬ್ಬಿ ಅವಳು ಆಡುತ್ತಿದ್ದ ಶಬ್ದ
ಓಣಿಗೆಲ್ಲ ಕೇಳಿತ್ತು.
ತಿದ್ದುವಂತಿಲ್ಲ. ಬರೆದ ಕೈ ಮಣ್ಣಾಗಿದೆ,
ಕೇಳೋಣವೆಂದರೆ ಯಾವ ಮಹಡಿ ಹತ್ತಲಿ?
ಧೂಳು ಒರೆಸಿ ಇಡುತ್ತೇನೆ. ನಾಳೆಗೆ ಮತ್ತೆ ಕೂತಿರುತ್ತದೆ.

ಮುಂದಿನ ಕಡತ.
ಹೆಣ್ಣು, ಎರಡು ವರ್ಷ, ಎರಡೂ ಕೈಯ ಬೆರಳು ಊದಿವೆ.
ಚುಕ್ಕಿಯವರೆಗೆ ಬರೆದಿದ್ದೇನೆ.