ನಲವತ್ತೇಳನೆಯ ಸೋರಿಕೆ

ರಾಸ್ ಅಲ್ ಖೈಮಾದ ಟೈಲ್ಸ್ ಕಾರ್ಖಾನೆಯಲ್ಲಿ
ನನ್ನ ಕೆಲಸ ಗಾಳಿ ಹಿಡಿಯುವುದು.
ನಗಬೇಡಿ. ಗಾಳಿ ಹಿಡಿದವನನ್ನೇ ಕಟ್ಟಿಕೊಂಡೆನಲ್ಲಾ ಎಂದು
ಹೆಂಡತಿ ಫೋನಿನಲ್ಲಿ ಆಗಲೇ ನಕ್ಕಾಗಿದೆ.

ಕಂಪ್ರೆಸರ್ ಮನೆಯಲ್ಲಿ ಕರೆಂಟು ತಿಂದು
ಏಳು ಬಾರ್ ಒತ್ತಡಕ್ಕೆ ಗಿಡಿದ ಗಾಳಿ
ಪೈಪು ಹಿಡಿದು ಹೊರಟು, ಕೀಲುಕೀಲಿನಲ್ಲಿ ಕಳ್ಳನಂತೆ ಇಳಿದು
ಮರಳು ಸೇರುತ್ತದೆ.
ಯಂತ್ರ ಮುಟ್ಟುವುದು ಮೂರರಲ್ಲಿ ಎರಡು ಪಾಲು.
ಉಳಿದದ್ದಕ್ಕೂ ಎಲ್ಲೋ ಗ್ಯಾಸು ಉರಿದಿದೆ, ಹೊಗೆ ಎದ್ದಿದೆ.

ರಾತ್ರಿ ಪಾಳಿ. ಕಿವಿಗೆ ದಪ್ಪ ಹೆಡ್‌ಫೋನು,
ಕೈಯಲ್ಲಿ ಪಿಸ್ತೂಲಿನಂಥ ಯಂತ್ರ.
ನಮಗೆ ನಿಲುಕದ ಸದ್ದು ಅದಕ್ಕೆ ಕೇಳುತ್ತದೆ:
ಮಗುವಿಗೆ ಉಚ್ಚೆ ಹೊಯ್ಯಿಸಲು ತಾಯಿ
ಹಲ್ಲಿನ ಸಂದಿಯಲ್ಲಿ ಬಿಡುವ ಸ್ಸ್ಸ್—
ಹಾಗೆ ಪ್ರೆಸ್ಸಿನ ಹಿಂದೊಂದು, ಗ್ಲೇಜ್ ಲೈನಿನ ಕೆಳಗೆ ನಾಲ್ಕು.
ಸಾಬೂನು ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ.
ಕೆಂಪು ಚೀಟಿ ಕಟ್ಟುತ್ತೇನೆ: ನಂಬರು, ತೂತಿನ ಅಳತೆ,
ವರ್ಷಕ್ಕೆ ಎಷ್ಟು ಟನ್ ಇಂಗಾಲ.

ಆಫೀಸಿನ ಗೋಡೆಯ ಮೇಲೆ ಇಂಗಾಲದ ಗೆರೆ ಇಳಿಯುತ್ತಿದೆ,
ಕಿಟಕಿಯಾಚೆ ಬೆಟ್ಟ
ಲಾರಿ ಲಾರಿಯಾಗಿ ಇಳಿಯುತ್ತಿರುವ ಹಾಗೆ.

ಆಗಸ್ಟ್. ನಲವತ್ತೇಳನೆಯದು ಸಿಕ್ಕಿದ್ದು
ಎರಡನೇ ಆವಿಗೆಯ ಬಾಯಲ್ಲಿ,
ನೂರು ಮೀಟರ್ ಬೆಂಕಿಯೊಳಗೆ ನಡೆದ ಟೈಲುಗಳು
ಹೊರಬರುವ ಕಡೆ. ಅಲ್ಲಿ ಮೊಫಿಜುಲ್ ನಿಲ್ಲುತ್ತಾನೆ,
ಬಿರುಕು ಬಿಟ್ಟದ್ದನ್ನು ಆರಿಸುತ್ತ. ಹನ್ನೆರಡು ಗಂಟೆ.
ಅವನ ಬೆನ್ನಿಗೆ ಸರಿಯಾಗಿ, ಸೊಂಟದಿಂದ ಒಂದು ಗೇಣು ಮೇಲೆ,
ಪೈಪಿನಲ್ಲಿ ಮೂರು ಮಿಲಿಮೀಟರ್ ತೂತು.
ಅಂಚು ನುಣುಪು. ತುಕ್ಕು ತಿಂದದ್ದಲ್ಲ,
ಡ್ರಿಲ್ಲು ಕೊರೆದದ್ದು.
ನಾನು ತೂತು ನೋಡಿದೆ, ಅವನು ನನ್ನನ್ನು ನೋಡಿದ.
ಬೆನ್ನ ಮೇಲೆ ಅಂಗಿ ಹಾಯಿಯಂತೆ ಉಬ್ಬಿತ್ತು.

ಪಟ್ಟಿ ಬಿಗಿದೆ, ಚೀಟಿ ಕಟ್ಟಿದೆ. ಮೂರನೇ ದಿನಕ್ಕೆ ಮತ್ತೆ ಸ್ಸ್ಸ್.
ಮತ್ತೆ ಬಿಗಿದೆ. ಶನಿವಾರ ಮತ್ತೆ.
ಇಬ್ಬರೂ ಒಂದು ಮಾತೂ ಆಡಲಿಲ್ಲ.
ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡವರ ಗಾದೆ ಗೊತ್ತು.
ಗಾಳಿ ಮುಚ್ಚಿ ಇನ್ನೊಬ್ಬನ ಮೈ ಬೇಯಿಸಿದವನಿಗೆ
ಗಾದೆ ಇದ್ದಂತಿಲ್ಲ.

ನಾಲ್ಕನೆಯ ಸಲ, ಕಾರಣ ಬರೆಯುವ ಖಾನೆಯಲ್ಲಿ
ಬಿಸಿ ಎಂದು ಬರೆದೆ.
ಯಾವುದರ ಬಿಸಿ, ಮೋಟರಿನದೇ, ಬೇರಿಂಗಿನದೇ,
ಹಾತೆಂ ಸಾಹೇಬರು ಕೇಳಿ ಕಳಿಸಿದರು.
ಲೆಕ್ಕ ಹಾಕಿ ಕೊಟ್ಟೆ. ಈ ತೂತಿಗೆ ಮೂರೂವರೆ ಕಿಲೋವ್ಯಾಟ್,
ಒಂದು ಗೋಡೆ ಫ್ಯಾನಿಗೆ ತೊಂಬತ್ತು ವ್ಯಾಟ್.
ಚೌಕಾಸಿ ಬೇಡದ ಲೆಕ್ಕ. ಇಂಗಾಲದ ಪುಸ್ತಕ ಬರೆಯುವ ರೀಮ್ ಮೇಡಂ
ಕಂಪ್ಯೂಟರಿನಿಂದ ತಲೆ ಎತ್ತಿ, ಹೂಂ, ಅಂದರು.
ತೂತು ಮುಚ್ಚಲು ನನಗೆ ಗಡುವು ಇಪ್ಪತ್ತನಾಲ್ಕು ಗಂಟೆ.
ಫ್ಯಾನಿಗೆ ಮೂರು ಕೊಟೇಶನ್, ಎರಡು ಸಹಿ,
ಆಮೇಲೆ ದುಬೈಯ ಯಾವುದೋ ಗೋದಾಮು.

ಆ ಹನ್ನೊಂದು ವಾರ ಮಾಡಿದ್ದನ್ನು ಹೇಳಿಬಿಡುತ್ತೇನೆ:
ನಲವತ್ತೇಳರ ಮುಂದೆ ಮುಚ್ಚಿದೆ ಎಂದು ಬರೆದು
ಮುಚ್ಚಲಿಲ್ಲ.
ಗೋಡೆಯ ಗೆರೆ ಅಷ್ಟರ ಮಟ್ಟಿಗೆ ಸುಳ್ಳು.
ಆವಿಗೆಯ ಬಾಯಿ ದಾಟುವಾಗ ಸ್ವಲ್ಪ ನಿಧಾನ ನಡೆಯುತ್ತಿದ್ದೆ,
ನನ್ನ ಬೆನ್ನಿಗೂ ಸಿಗಲೆಂದು.

ಫ್ಯಾನು ಬಂದದ್ದು ನವೆಂಬರಿನಲ್ಲಿ,
ಕಡಲ ಕಡೆಯಿಂದ ತಣ್ಣಗೆ ಬೀಸತೊಡಗಿದ ಮೇಲೆ.
ಮೊಫಿಜುಲ್‌ನನ್ನು ಅಷ್ಟರಲ್ಲಿ ಪ್ಯಾಕಿಂಗಿಗೆ ಹಾಕಿದ್ದರು.
ಅವನ ಜಾಗದಲ್ಲಿ ಹೊಸ ಹುಡುಗ,
ಹೆಸರು ಇನ್ನೂ ನನ್ನ ಬಾಯಿಗೆ ಬಂದಿಲ್ಲ,
ನಿಂತ ಫ್ಯಾನಿನ ಜಾಳಿಗೆಗೆ ಟೋಪಿ ಸಿಕ್ಕಿಸಿದ್ದ.
ನಾನು ಪಟ್ಟಿ ಬಿಗಿದೆ, ಈ ಸಲ ನಿಜವಾಗಿ.
ಸಾಬೂನು ನೀರು ಹಚ್ಚಿದೆ. ಗುಳ್ಳೆ ಏಳಲಿಲ್ಲ.
ಇನ್ನೊಂದು ಸಲ ಹಚ್ಚಿ ನೋಡಿದೆ.