ಬಾಕಿ ಚಿಲ್ಲರೆ

ಮೊದಲು ಮರೆತದ್ದು ಒಂದು ಗೇಟಿನ ಹೆಸರು.
ತುಮಕೂರಿಂದ ಮಧುಗಿರಿಗೆ ಇಪ್ಪತ್ತೊಂದು ವರ್ಷ
ದಿನಕ್ಕೆ ನಾಲ್ಕು ಸಲ ಕೂಗಿದ ಹೆಸರು
ಬಾಯಿಗೆ ಬಂದು, ಹಲ್ಲಿನ ಹಿಂದೆ ಕೂತುಬಿಟ್ಟಿತು.
"ಇಳೀರಿ, ಇಳೀರಿ" ಅಂದೆ, ಅಷ್ಟೇ.
ಅಜ್ಜಿಯೊಬ್ಬಳು ಹೊರಗೆ ನೋಡಿ ತನ್ನ ಪಾಡಿಗೆ ಇಳಿದಳು.

ಆಮೇಲೆ ಹೆದರಿಕೆ.
ನಮ್ಮ ದೊಡ್ಡಮ್ಮ ಕೊನೆಗಾಲಕ್ಕೆ
ತನ್ನ ಕೈಬಳೆ ತೋರಿಸಿ "ಇದ್ಯಾರ್ದೇ?" ಎಂದು ಕೇಳುತ್ತಿದ್ದವಳು.

ಜಿಲ್ಲಾಸ್ಪತ್ರೆಯ ಹುಡುಗಿ ಡಾಕ್ಟರು
ನೂರರಿಂದ ಏಳೇಳು ಕಳೆಯಿರಿ ಎಂದಳು.
ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು...
ಸಾಕು ಎಂದಳು. ನಾನು ಎರಡಕ್ಕೆ ಬಂದೇ ನಿಂತೆ.
"ಯಂತ್ರ ಚೆನ್ನಾಗಿದೆ ದೊಡ್ಡೀರಮ್ಮೋರೆ, ಓಡಿಸ್ತಿಲ್ಲ ನೀವು.
ನಿದ್ದೆ ಎಷ್ಟು?"
ಆರು ಗಂಟೆ ಎಂದು ಸುಳ್ಳು ಹೇಳಿದೆ. ನಾಲ್ಕು.
ಉಳಿದದ್ದನ್ನು ಮೊಬೈಲು ತಿನ್ನುತ್ತದೆ,
ಯಾರೋ ಯಾರಿಗೋ ಮಾಡಿದ ಅಡುಗೆ ನೋಡುತ್ತ.

ಓಡಿಸುವುದೇನನ್ನು?
ಸೊಂಟಕ್ಕೆ ಮಿಷನ್ನು, ಒತ್ತಿದರೆ ಟಿಕೆಟ್ಟು.
ಹೆಂಗಸರಿಗೆಲ್ಲ ಸೊನ್ನೆ; ಗಂಡಸರು ಫೋನು ಚಾಚಿ
ಟೊಂಯ್ ಅನ್ನಿಸುತ್ತಾರೆ.
ಕಟ್ಟಿಹಾಕಿದ ಎತ್ತು ಕೊಟ್ಟಿಗೆಯಲ್ಲೇ ಕುಂಟುತ್ತದೆ.

ಒಂದು ಸೋಮವಾರ, ಕೊರಟಗೆರೆ ದಾಟಿದ್ದೇ
ಮಿಷನ್ನು ಸತ್ತಿತು.
ಅರವತ್ತೆಂಟು ಜನ, ಎರಡು ಕೋಳಿ, ಒಂದು ಸೈಕಲ್ ಚಕ್ರ.
ಕೆಂಚಮಾರಯ್ಯ ಕನ್ನಡಿಯಲ್ಲಿ ಹುಬ್ಬೇರಿಸಿದ.
ಪೆಟ್ಟಿಗೆಯ ತಳದಿಂದ ಕಾಗದದ ಟಿಕೆಟ್ ಕಟ್ಟು ತೆಗೆದೆ.
ಬೆರಳಿಗೆ ಎಂಜಲು, ಕಿವಿಗೆ ಪೆನ್ನು,
ಹಿಂದಿನ ಸೀಟಿಂದ ಶುರು.

ಹದಿನೇಳರಂಗೆ ಮೂರು ಐವತ್ತೊಂದು, ಅರ್ಧಕ್ಕೆ ಒಂಬತ್ತು,
ಅರವತ್ತು. ಕೊಟ್ಟದ್ದು ಇನ್ನೂರು.
ನೂರು ಕೊಟ್ಟೆ, ನಲವತ್ತು ಬಾಕಿ ನೀಲಿ ಟವೆಲ್ಲಿಗೆ.
ಹನ್ನೊಂದು ಬಾಕಿ ಮೆಣಸಿನಕಾಯಿ ಮೂಟೆಗೆ.
ಎರಡು ರೂಪಾಯಿ, ಬೇಡ ಬಿಡಮ್ಮ ಎಂದು ಬಾಯಲ್ಲಿ ಹೇಳಿ
ಕಣ್ಣಲ್ಲಿ ಕೇಳುತ್ತಿದ್ದ ಮೇಷ್ಟ್ರಿಗೆ.
ಟಿಕೆಟ್ಟಿನ ಬೆನ್ನಿಗೆ ಒಂದನ್ನೂ ಬರೆಯಲಿಲ್ಲ.

ತಲೆಯೊಳಗಿನ ರಾಟೆ ಮೊದಲು ಕಿರುಗುಟ್ಟಿತು,
ಹಗ್ಗ ಒಮ್ಮೆ ಜಾರಿತು,
ಆಮೇಲೆ ಕೊಡ ತುಳುಕುತ್ತ ಮೇಲೆ ಬಂತು.
ಚೀಲದಲ್ಲಿ ಫೋನು ಗುಯ್ಗುಟ್ಟುತ್ತಿತ್ತು. ಯಾರದೋ ಅಂದುಕೊಂಡೆ.

ತಿರುವು ಇನ್ನೂ ಕಂಡಿರಲಿಲ್ಲ.
"ಸೀಗೆಮೆಳೆ ಗೇಟ್! ಯಾರ್ರೀ ಸೀಗೆಮೆಳೆ!"
ಕೂಗಿದವಳು ನಾನೇ.
ಇಳಿಯುವವರು ಒಬ್ಬರೂ ಇರಲಿಲ್ಲ.
ಆದರೂ ಸೀಟಿ ಊದಿ ಬಸ್ಸು ನಿಲ್ಲಿಸಿದೆ,
ಬಾಗಿಲು ತೆಗೆದೆ,
ಗಾಳಿ ಹತ್ತಿತು, ರೈಟ್ ಅಂದೆ.

ಈಗ ಫೋನು ರಾಗಿ ಡಬ್ಬದಲ್ಲಿ ಮಲಗುತ್ತದೆ, ಒಂಬತ್ತೂವರೆಗೆ.
ನಾನು ಅದಕ್ಕಿಂತ ಸ್ವಲ್ಪ ತಡವಾಗಿ;
ಅದು ಎದ್ದು ಕರೆದಂತೆ ಕೆಲವು ರಾತ್ರಿ ಇನ್ನೂ ಕೇಳುತ್ತದೆ.
ಡಿಪೋಗೆ ನಡೆದೇ ಹೋಗುತ್ತೇನೆ, ಸ್ಟೇಜುಗಳನ್ನು
ಮಧುಗಿರಿಯಿಂದ ಹಿಮ್ಮುಖ ಎಣಿಸುತ್ತ.
ಹೊಸ ಮಿಷನ್ನು ಕೊಟ್ಟಿದ್ದಾರೆ. ಒತ್ತುವ ಮೊದಲು
ಲೆಕ್ಕ ನಾನು ಹೇಳುತ್ತೇನೆ, ಅದು ಹೌದೆನ್ನುತ್ತದೆ.

ಆವತ್ತು ಮಧುಗಿರಿ ಸ್ಟ್ಯಾಂಡಿನಲ್ಲಿ ಎಲ್ಲರ ಬಾಕಿ ತೀರಿಸಿ ನೋಡಿದರೆ
ಕೈಯಲ್ಲಿ ಐದು ರೂಪಾಯಿ ಉಳಿದಿತ್ತು.
ಯಾರದು? ನೆನಪಾಗಲಿಲ್ಲ.
ಖರ್ಚು ಮಾಡಿಲ್ಲ, ಬೇರೆ ಜೇಬಿನಲ್ಲಿಟ್ಟಿದ್ದೇನೆ.
ಅದಕ್ಕೇ ನೋಡಿ,
ಹತ್ತಿದವರ ಮುಖವನ್ನೆಲ್ಲ ಈಗ
ಒಂದು ಗಳಿಗೆ ಜಾಸ್ತಿ ನೋಡುತ್ತೇನೆ.